ಪಟ್ಟಿಯ ಕೊನೆಯ ಖಾಲಿ ಗೆರೆ

ನಮ್ಮೂರಲ್ಲಿ ರಬ್ಬರ್ ಮೊಹರು ಕೊರೆಯುವವನು ನಾನೊಬ್ಬನೇ. ನನಗಿಂತ ಮೊದಲು ನಮ್ಮಪ್ಪ ಒಬ್ಬನೇ. ಬೇರೆ ಊರುಗಳಲ್ಲಿ ಈ ಕಸುಬಿನವರು ಬಸ್ ಸ್ಟ್ಯಾಂಡಿನ ಪಕ್ಕದ ಗೂಡಂಗಡಿಯಲ್ಲಿ ಕೂತು ನೊಣ ಹೊಡೆಯುತ್ತಾರಂತೆ. ನನಗೆ ಅರವತ್ತೆರಡಾದರೂ ಮಧ್ಯಾಹ್ನದ ನಿದ್ದೆ ಎಂದರೇನೆಂದು ಗೊತ್ತಿಲ್ಲ. ಏಕೆಂದರೆ ನಮ್ಮೂರಲ್ಲಿ ಮನಸ್ಸಿನಲ್ಲಿ ಇಲ್ಲದ್ದನ್ನು ಕೈಯಲ್ಲಿ ಬರೆದರೆ ಮಸಿ ಹಿಡಿಯುವುದಿಲ್ಲ. ಪೆನ್ನು ಓಡುತ್ತದೆ, ಕೈ ಓಡುತ್ತದೆ, ಕಾಗದದ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಪೆನ್ಸಿಲ್ಲಿಗೂ ಅಷ್ಟೇ, ಸೀಮೆಸುಣ್ಣಕ್ಕೂ ಅಷ್ಟೇ. ಅಚ್ಚಿಗೆ ಮತ್ತು ಮೊಹರಿಗೆ ಈ ಪೀಡೆ ಇಲ್ಲ. ಅವು ಯಾರ ಮನಸ್ಸನ್ನೂ ಕೇಳಲು ಹೋಗುವುದಿಲ್ಲ.

ಹಾಗಾಗಿ ಜನ ನನ್ನ ಅಂಗಡಿಗೆ ಬರುತ್ತಾರೆ. ‘ತಮ್ಮ ವಿಶ್ವಾಸಿ’ ಎಂಬ ಮೊಹರು ಇಲ್ಲದ ಮನೆ ಇಲ್ಲಿಲ್ಲ. ‘ವಿಷಯ ತಿಳಿದು ತುಂಬಾ ದುಃಖವಾಯಿತು’ ವರ್ಷಕ್ಕೆ ಮೂವತ್ತಾದರೂ ಹೋಗುತ್ತದೆ. ‘ಸಂಬಂಧ ನಮಗೆ ಸಂತೋಷದಿಂದ ಒಪ್ಪಿಗೆ’ ಎಂಬುದನ್ನು ಮದುವೆ ಕಾಲದಲ್ಲಿ ಬಾಡಿಗೆಗೂ ಕೊಡುತ್ತೇನೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಜನ ಬಿಸಿಲಿಗೆ ಹಿಡಿದು ಮಸಿ ಎಷ್ಟು ದಟ್ಟವಾಗಿದೆ ಎಂದು ನೋಡಿದ ಮೇಲೆಯೇ ಔಷಧಿ ಅಂಗಡಿಗೆ ಹೋಗುತ್ತಾರೆ. ನನ್ನ ಹೆಂಡತಿ ಓಬಮ್ಮ ಸಂತೆಗೆ ಪಟ್ಟಿ ಬರೆಯಲು ಕೂತರೆ ಹಾಗಲಕಾಯಿ ಎಂಬ ಪದ ನಲವತ್ತು ವರ್ಷದಿಂದ ಒಮ್ಮೆಯೂ ಮೂಡಿಲ್ಲ. ನನಗೆ ಇಷ್ಟ ಎಂದು ಪ್ರತಿ ಸಲ ಬರೆಯುತ್ತಾಳೆ ಪಾಪ. ನಾನೂ ಪ್ರತಿ ಸಲ ಹಾಗಲಕಾಯಿ ಇಲ್ಲದ ಪಟ್ಟಿ ಹಿಡಿದು ಹೋಗಿ ಬರುತ್ತೇನೆ. ಹೀಗೆಲ್ಲ ಇರುವುದರಿಂದ ಒಬ್ಬರ ಎದುರಿಗೆ ‘ಎಲ್ಲಿ, ಬರೆದು ತೋರಿಸು’ ಎಂದು ಕೇಳುವುದು ನಮ್ಮಲ್ಲಿ ಬಟ್ಟೆ ಬಿಚ್ಚು ಎಂದು ಕೇಳಿದಷ್ಟೇ ಅಸಭ್ಯ. ಯಾರಾದರೂ ಬರೆಯಲು ಪೆನ್ನು ತೆಗೆದರೆ ಪಕ್ಕದಲ್ಲಿದ್ದವರು ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಮಕ್ಕಳಿಗೂ ಮೊದಲು ಕಲಿಸುವ ಮರ್ಯಾದೆ ಇದೇ.

ಚುನಾವಣೆಗೆ ಎರಡು ತಿಂಗಳು ಇರುವಾಗ ಒಂದು ಬೆಳಿಗ್ಗೆ ಹಾಲಮ್ಮ ಅಂಗಡಿಗೆ ಬಂದಳು. ಅವಳು ನಮ್ಮೂರ ನೀರುಗಂಟಿ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೆ ಹಾಕಿಕೊಂಡು ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ಗಂಡ ಮಾಡುತ್ತಿದ್ದ, ಅವನು ತೀರಿಕೊಂಡ ಮೇಲೆ ಇವಳು ಹಿಡಿದಳು. ಐವತ್ತು ವಯಸ್ಸು, ಗಂಡಸರಿಗಿಂತ ಗಟ್ಟಿ ರಟ್ಟೆ. ನಾನಿರುವ ಮೇಲ್ಪೇಟೆಗೆ ದಿನಾ ಬೆಳಿಗ್ಗೆ ಆರಕ್ಕೆ ನೀರು ಬರುತ್ತದೆ. ಅವಳಿರುವ ಕೆಳಪೇಟೆಗೆ ನಾಲ್ಕು ದಿನಕ್ಕೊಮ್ಮೆ, ಅದೂ ಒಂದು ಗಂಟೆ. ಬಿಡುವವಳೂ ಅವಳೇ, ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವಳೂ ಅವಳೇ.

ಬಂದವಳು ಕೀಲಿಯನ್ನು ಬಾಗಿಲಿಗೆ ಒರಗಿಸಿ, ಸೊಂಟದಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಮುಂದೆ ಹರಡಿದಳು. ಹನ್ನೊಂದು ಅರ್ಜಿ. ಎಲ್ಲವೂ ಕೆಳಪೇಟೆಗೆ ಇನ್ನೊಂದು ಟ್ಯಾಂಕು ಕಟ್ಟಿಸಿಕೊಡಿ ಎಂದು ಕೇಳಿದವು, ಎಲ್ಲವೂ ಅವಳ ಕೈಬರಹ, ಮಸಿ ಕಾಡಿಗೆಯಂತೆ ಕಪ್ಪು. ಎಲ್ಲದರ ಮೇಲೂ ಶಾಸಕ ವೀರಭದ್ರಪ್ಪನವರ ಕಚೇರಿಯ ಒಂದೇ ಮೊಹರು. ‘ಪರಿಶೀಲಿಸಲಾಗುವುದು.’

"ಈ ಸೀಲು ಮಾಡ್ಕೊಟ್ಟೋನು ನೀನೇ ಅಲ್ವೇನಣ್ಣ?" ಎಂದಳು.

"ನಾನಲ್ದೆ ಇನ್ಯಾರು ಮಾಡ್ತಾರೆ? ಹನ್ನೊಂದು ವರ್ಷ ಆತು ಮಾಡಿ."

"ಚೆನ್ನಾಗಿ ಮಾಡಿದ್ದೀಯ. ಈ ‘ಲ’ ನೋಡು, ಎಷ್ಟು ದುಂಡಗೈತೆ. ಒಳಗಡೆ ಒಂದು ಸುರುಳಿ ಬೇರೆ. ಹನ್ನೊಂದು ಸಲ ನೋಡಿ ನೋಡಿ ನಂಗೆ ಬಾಯಿಪಾಠ ಆಗೈತೆ."

ಆ ಸುರುಳಿ ನಮ್ಮಪ್ಪ ಕಲಿಸಿದ್ದು, ಕೊರೆಯುವಾಗಲೂ ಬರೆಯುವಾಗಲೂ ಕೈ ತಾನಾಗಿ ಹಾಕುವ ನಮ್ಮ ಮನೆತನದ ಗುರುತು. ಯಾರಾದರೂ ಗಮನಿಸಲಿ ಎಂದು ಜೀವಮಾನವೆಲ್ಲ ಕಾದಿದ್ದೆ. ಗಮನಿಸಿದವಳು ಹೀಗೆ ಬಂದು ನಿಂತಿದ್ದಳು.

ನಮ್ಮಲ್ಲಿ ನೀರಿನ ಅರ್ಜಿಗೆ ಹದಿನೈದು ದಿನದೊಳಗೆ ಉತ್ತರ ಕೊಡಬೇಕು, ಅದೂ ಅರ್ಜಿಯ ಮೇಲೆಯೇ. ‘ಮಂಜೂರು’ ಎಂದರೂ, ‘ಇಲ್ಲ’ ಎಂದರೂ ಶಾಸಕರು ಸ್ವಂತ ಕೈಯಲ್ಲಿ ಬರೆಯಬೇಕು. ಎರಡೂ ಬೇಡವೆಂದರೆ ಈ ಮೊಹರು ಒತ್ತಬಹುದು. ಇಷ್ಟು ವರ್ಷ ಇದನ್ನು ನಾನು ಕಚೇರಿಯ ಒಂದು ಸಾಮಾನು ಎಂದುಕೊಂಡಿದ್ದೆ, ಮೇಜು ಕುರ್ಚಿ ಇದ್ದ ಹಾಗೆ.

"ಅಣ್ಣ, ನಾನೇ ನಿಂತ್ಕಂತೀನಿ ಎಲೆಕ್ಷನ್ನಿಗೆ," ಎಂದಳು ಹಾಲಮ್ಮ. "ನಂಗೆ ಕುರ್ಚಿ ಬೇಡ, ಜೀಪು ಬೇಡ. ಆ ಅರ್ಜಿ ಮೇಲೆ ‘ಮಂಜೂರು’ ಅಂತ ಒಂದು ಪದ ಬರೀಬೇಕು. ಬರೆದು ಎದ್ದು ಬತ್ತೀನಿ. ನೀನು ನನ್ ಜೊತೆ ಓಡಾಡ್ಬೇಕು. ಅಕ್ಷರ ಬಲ್ಲೋನು, ಎಲ್ಲರ ಮನೇಲೂ ನಿನ್ ಸೀಲೈತೆ."

ಒಳಗಿನಿಂದ ಓಬಮ್ಮ ಕೇಳಿಸಿಕೊಂಡಿರಬೇಕು. ಕಾಫಿ ತಂದಿಟ್ಟು, "ಹೋಗ್ಬನ್ನಿ. ನಲವತ್ತು ವರ್ಷ ಊರಿನ ಸುಳ್ಳಿಗೆಲ್ಲ ಹಿಡಿ ಹಾಕ್ಕೊಟ್ಟಿದ್ದೀರಿ, ಎರಡು ತಿಂಗಳು ನಿಜಕ್ಕೂ ಓಡಾಡಿ," ಎಂದಳು. ಅವಳು ಹುಟ್ಟಿದ್ದು ಕೆಳಪೇಟೆಯಲ್ಲಿ. ಮದುವೆಯಾಗಿ ಬರುವವರೆಗೂ ಸೊಂಟದಲ್ಲಿ ಕೊಡ ಹೊತ್ತವಳು.

ಮೊದಲ ಹೆಜ್ಜೆಯಲ್ಲೇ ಎಡವಿದೆವು. ಉಮೇದುವಾರಿಕೆ ಸಲ್ಲಿಸುವಾಗ ಅಭ್ಯರ್ಥಿ ಒಂದು ವಾಕ್ಯವನ್ನು ಸ್ವಂತ ಕೈಯಲ್ಲಿ ಬರೆಯಬೇಕು. ‘ಈ ಸ್ಥಾನಕ್ಕೆ ನಾನು ಯೋಗ್ಯ.’ ಅಷ್ಟೇ. ನಮಗಿಂತ ಮುಂದೆ ಸಾಲಿನಲ್ಲಿದ್ದ ವೀರಭದ್ರಪ್ಪನವರು ಬರೆದರು. ನಾವೆಲ್ಲ ಬೆನ್ನು ತಿರುಗಿಸಿದ್ದೆವು, ಆದರೂ ಕಾಗದ ಒಣಗಲೆಂದು ಅವರು ಎತ್ತಿ ಬೀಸುವಾಗ ಕಣ್ಣಿಗೆ ಬಿತ್ತು. ಅಂಥ ದಟ್ಟ ಮಸಿ ನಾನು ಕಂಡಿಲ್ಲ. ಹಿಂಬದಿಗೂ ಇಳಿದಿತ್ತು. ಆ ಮನುಷ್ಯನನ್ನು ಕಳ್ಳ ಎಂದು ಬೈಯುವವರಿಗೆ ನಾನು ಈಗಲೂ ಹೇಳುತ್ತೇನೆ, ಆತ ಕಳ್ಳನಲ್ಲ, ಆತನಿಗೆ ತನ್ನ ಮೇಲೆ ಒಂದು ತೊಟ್ಟೂ ಅನುಮಾನವಿಲ್ಲ ಅಷ್ಟೆ.

ಹಾಲಮ್ಮನ ಸರದಿ ಬಂತು. ನಾನು ಗೋಡೆ ನೋಡುತ್ತಾ ನಿಂತೆ. ಪೆನ್ನಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಚುನಾವಣಾಧಿಕಾರಿ ಮೆಲ್ಲಗೆ, "ಇನ್ನೊಂದು ಹಾಳೆ ಕೊಡಲಾ ಅಮ್ಮ?" ಎಂದರು. ಮೂರು ಹಾಳೆ ಆಯಿತು. ಹಾಲಮ್ಮ ಪೆನ್ನನ್ನು ಮುಚ್ಚಿ ಅವರ ಕೈಗೆ ಕೊಟ್ಟು, "ಬರ್ತಾ ಇಲ್ಲ ಸಾಮಿ," ಎಂದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ನನಗೆ ಸಿಟ್ಟು ಬಂದಿತ್ತು. "ಏನವ್ವ ಇದು? ನಿನಗಿಂತ ಯೋಗ್ಯರು ಯಾರವ್ರೆ ಈ ಊರಾಗೆ?"

"ನಂಗೆ ಹಂಗನ್ಸಲ್ಲ ಕಣಣ್ಣ. ನಾನು ವಾಲ್ವ್ ತಿರುಗ್ಸೋಳು. ಟ್ಯಾಂಕು ಬೇಕು ಅಂತ ಎಷ್ಟು ಸಲ ಬೇಕಾದ್ರೂ ಬರೀತೀನಿ. ಯೋಗ್ಯ ಅಂತ ಹೆಂಗೆ ಬರೀಲಿ?"

ಅಧಿಕಾರಿ ಒಳ್ಳೆಯವರು. ನಮ್ಮ ಹಿಂದೆಯೇ ಹೊರಬಂದು, ಮತಪತ್ರದಲ್ಲಿ ಅಚ್ಚಾದ ಹೆಸರುಗಳ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ ಎಂದು ನೆನಪಿಸಿದರು. ಅಲ್ಲಿ ಮತದಾರ ತನಗೆ ಬೇಕಾದವರ ಹೆಸರು ಬರೆಯಬಹುದು. ಹಾಗೆ ಬರೆಸಿಕೊಂಡವರು ತಾವು ಯೋಗ್ಯರೆಂದು ಎಲ್ಲಿಯೂ ಬರೆದುಕೊಡಬೇಕಿಲ್ಲ. ಅಚ್ಚಾದ ಹೆಸರಿಗಾದರೆ ಮುದ್ರೆ ಒತ್ತಿದರಾಯಿತು. ಖಾಲಿ ಗೆರೆಗೆ ಕೈಬರಹವೇ ಆಗಬೇಕು. "ಯಾರಾದರೂ ಬರೆದಿದ್ದಾರಾ ಇದುವರೆಗೆ?" ಎಂದು ಕೇಳಿದೆ. ಅವರು ಯೋಚಿಸಿ, "ನನಗೆ ಗೊತ್ತಿರುವ ಹಾಗೆ ಇಲ್ಲ. ಮತಗಟ್ಟೆಯಲ್ಲಿ ಕಟ್ಟಿರುವ ಪೆನ್ನು ಕೂಡ ಒಣಗಿದೆ, ನಿಮ್ಮವರಿಗೆ ಪೆನ್ನು ತರಲು ಹೇಳಿ," ಎಂದರು.

ಹೀಗೆ ಶುರುವಾಯಿತು ನಮ್ಮ ಪ್ರಚಾರ. ಮೊದಲ ದಿನವೇ ನನಗೊಂದು ಉಪಾಯ ಹೊಳೆಯಿತು. ‘ಹಾಲಮ್ಮ’ ಎಂದು ಸಣ್ಣ ಮೊಹರು ಮಾಡಿ ಮನೆಗೊಂದು ಹಂಚಿದರೆ, ಜನ ಮುಷ್ಟಿಯಲ್ಲಿಟ್ಟುಕೊಂಡು ಹೋಗಿ ಖಾಲಿ ಗೆರೆಯ ಮೇಲೆ ಒತ್ತಿ ಬರಬಹುದು. ನನ್ನ ಅಕ್ಷರ ಕೈಬರಹದ ಹಾಗೆಯೇ ಕಾಣುವಂತೆ ಕೊರೆಯಬಲ್ಲೆ, ಯಾವ ಅಧಿಕಾರಿಗೂ ಗೊತ್ತಾಗುವುದಿಲ್ಲ. ಒಂದನ್ನು ಕೊರೆದು ಹಾಲಮ್ಮನಿಗೆ ತೋರಿಸಿದೆ. ಅವಳು ಅದನ್ನು ಅಂಗೈ ಮೇಲೆ ಒತ್ತಿ ನೋಡಿಕೊಂಡು, "ಚೆಂದೈತೆ," ಎಂದು ವಾಪಸ್ ಕೊಟ್ಟಳು. "ಆದ್ರೆ ಬೇಡ. ಸೀಲಿನ ಕೈಲಿ ಸೋತು ಸೋತು ಬಂದೋಳು ಸೀಲು ಹಿಡ್ಕಂಡು ಗೆಲ್ಲಲಾ?"

ನನಗೆ ಅವಮಾನವಾಯಿತು. ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಓಡಾಡುವುದು ಬಿಡಲಿಲ್ಲ.

ಮನೆಮನೆಗೆ ಹೋಗಿ ಒಂದು ಚೀಟಿ, ಒಂದು ಪೆನ್ನು ಕೊಟ್ಟು, "ಒಂದು ಸಲ ಬರೆದು ನೋಡ್ಕಳಿ, ನಮಗೆ ತೋರಿಸ್ಬೇಡಿ," ಎಂದು ಹೇಳಿ ಇಬ್ಬರೂ ಬೀದಿ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆವು. ಕೆಳಪೇಟೆಯಲ್ಲಿ ಬಹಳ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಹಾಲಮ್ಮ ನೀರು ಬಿಡುವ ದಿನ, ಸಾಲಿನಲ್ಲಿ ನಿಂತ ಹೆಂಗಸರಿಗೆ ಇದ್ದಿಲು ಹಿಡಿಸಿ, ಗೋಡೆಯ ಮೇಲೆ ತನ್ನ ಹೆಸರಿನ ಮೂರು ಅಕ್ಷರ ತಿದ್ದಿಸಿದಳು. ಒಂದು ತಿಂಗಳಲ್ಲಿ ಆ ಬೀದಿಯ ಗೋಡೆಗಳೆಲ್ಲ ಸೊಟ್ಟಸೊಟ್ಟ ಹಾಲಮ್ಮಗಳಿಂದ ತುಂಬಿಹೋದವು. ಒಂದಕ್ಷರವೂ ಮಾಸಿರಲಿಲ್ಲ. ನನ್ನ ಕಸುಬಿನ ಕಣ್ಣಿಗೆ ಅವು ಅಕ್ಷರಗಳೇ ಅಲ್ಲ, ಆದರೂ ನಿಂತು ನೋಡುತ್ತಿದ್ದೆ.

ಮೇಲ್ಪೇಟೆಯದು ಬೇರೆಯೇ ಕಥೆ. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. "ಬರೀದೆ ಇರ್ತೀವಾ? ಹಾಲಮ್ಮ ನಮ್ಮೋಳಲ್ವೇ?" ಎಂದರು. ಬಾಯಿಗೆ ನಮ್ಮೂರಲ್ಲಿ ಯಾವ ಅಡ್ಡಿಯೂ ಇಲ್ಲವಲ್ಲ. ಆಮೇಲೆ ಹಾಲಮ್ಮ ತಾನಾಗಿಯೇ ಬಾಯಿಬಿಡುತ್ತಿದ್ದಳು. "ಇನ್ನೊಂದು ಟ್ಯಾಂಕು ಬಂದ್ರೆ ಇರೋ ನೀರನ್ನೇ ಎರಡೂ ಕಡೆ ಹಂಚ್ಬೇಕು, ನಿಮ್ಮ ಕಡೆಗೆ ದಿನಾ ನೀರು ಬರಲ್ಲ, ದಿನ ಬಿಟ್ಟು ದಿನ ಬರ್ತೈತೆ. ಈಗ್ಲೇ ಹೇಳ್ಬಿಟ್ಟಿದ್ದೀನಿ." ಕಾಫಿ ಲೋಟ ಹಿಡಿದ ಕೈಗಳು ಒಂದು ಕ್ಷಣ ನಿಲ್ಲುತ್ತಿದ್ದವು. ನಾವು ಬೆನ್ನು ತಿರುಗಿಸಿ ನಿಂತು, ಮತ್ತೆ ತಿರುಗುವಷ್ಟರಲ್ಲಿ ಚೀಟಿ ನಾಲ್ಕು ಮಡಿಕೆಯಾಗಿ ಜೇಬು ಸೇರಿರುತ್ತಿತ್ತು.

"ಅದನ್ಯಾಕೆ ಹೇಳ್ತೀಯ ನೀನು? ಗೆದ್ದ ಮೇಲೆ ಗೊತ್ತಾಗ್ತಿರಲಿಲ್ವಾ?" ಎಂದು ಒಂದು ದಿನ ದಾರಿಯಲ್ಲಿ ರೇಗಿದೆ.

"ಹೇಳ್ದಿದ್ರೆ ಏನು ಬರೀತಾರೆ ಅವ್ರು? ಬರೀ ನನ್ ಹೆಸರು. ಟ್ಯಾಂಕನ್ನ ಬರೀಬೇಕಲ್ಲಣ್ಣ," ಎಂದು ಕೀಲಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

ಸೈಕಲ್ ಶಾಪಿನ ದಸ್ತಗೀರ್ ಸಾಬ್ ಒಬ್ಬರೇ ಮೇಲ್ಪೇಟೆಯಲ್ಲಿ ಚೀಟಿ ಮಡಚದೆ ನಮಗೆ ತೋರಿಸಿದವರು. ಅದರಲ್ಲಿ ಏನೂ ಇರಲಿಲ್ಲ. "ನೋಡು ತಿಪ್ಪೇಶಿ, ನಂಗೆ ನಾಚಿಕೆ ಆಗ್ತಿದೆ," ಎಂದರು. "ಮನೇಲಿ ಹತ್ತು ಜನ ಇದೀವಿ. ದಿನಾ ನೀರಿಲ್ಲ ಅಂದ್ರೆ ಹೇಗೆ ಅಂತ ಕೈ ಹಿಡ್ಕೊಳ್ತು. ಇನ್ನೊಂದು ಚೀಟಿ ಕೊಡು, ಪ್ರಯತ್ನ ಮಾಡ್ತಾ ಇರ್ತೀನಿ." ಹಾಲಮ್ಮ ಅವರಿಗೆ ಒಂದು ಕಟ್ಟನ್ನೇ ಕೊಟ್ಟಳು.

ವೀರಭದ್ರಪ್ಪನವರು ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಇಲ್ಲ, ಹೆಗಲ ಮೇಲೆ ಕೈ ಹಾಕಿದರು. "ಏನಯ್ಯಾ ತಿಪ್ಪೇಶಿ, ಹಾಲಮ್ಮನ ಕಡೆ ಓಡಾಡ್ತಿದ್ದೀಯಂತೆ. ಒಳ್ಳೇದು. ನಿಮ್ಮ ಬೀದಿಗೆ ನೀರು ಬರ್ತಿದೆಯಾ?"

"ಬರ್ತೈತೆ ಸಾಮಿ."

"ದಿನಾ?"

"ದಿನಾ ಆರಕ್ಕೆ."

"ಸರಿ ಮತ್ತೆ," ಎಂದು ನಕ್ಕು ಹೊರಟುಹೋದರು. ಆ ನಗು ಯಾಕೆಂದು ನನಗೆ ಅವತ್ತು ಅರ್ಥವಾಗಲಿಲ್ಲ. ಸಂಜೆ ಓಬಮ್ಮನಿಗೆ ಹೇಳಿದೆ. ಅವಳು ಕಾಳು ಆರಿಸುತ್ತಿದ್ದವಳು ತಲೆ ಎತ್ತದೆ, "ನೀವು ಬರೆದು ನೋಡ್ಕಂಡ್ರಾ?" ಎಂದು ಕೇಳಿದಳು.

"ನಾನ್ಯಾಕೆ ನೋಡ್ಲಿ? ಎಲ್ರಿಗೂ ಬರೀರಿ ಅಂತ ಹೇಳ್ಕಂಡು ತಿರುಗೋನೇ ನಾನು."

"ಅದಕ್ಕೇ ಕೇಳ್ದೆ," ಎಂದಳು.

ಅವಳ ಮಾತನ್ನು ಅಲ್ಲಿಗೇ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಊರಿಗೆಲ್ಲ ಚೀಟಿ ಹಂಚಿದವನು ನನಗೆಂದು ಒಂದನ್ನೂ ಇಟ್ಟುಕೊಂಡಿರಲಿಲ್ಲ.

ಮತದಾನದ ದಿನ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ಹಂಡೆ ತುಂಬಿಸಿ, ಸ್ನಾನ ಮಾಡಿ, ಒಳ್ಳೆಯ ಅಂಗಿ ಹಾಕಿಕೊಂಡು ಶಾಲೆಯ ಮತಗಟ್ಟೆಗೆ ಹೋದೆ. ಸಾಲಿನಲ್ಲಿ ಕೆಳಪೇಟೆಯವರು ಜೇಬಿನಲ್ಲಿ, ಕುಪ್ಪಸದಲ್ಲಿ ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದರು. ಹಾಲಮ್ಮ ಎದುರಿನ ಬೇವಿನ ಮರದ ಕೆಳಗೆ ಕೀಲಿ ಹಿಡಿದು ನಿಂತಿದ್ದಳು. ಅವತ್ತೂ ಅವಳಿಗೆ ರಜೆ ಇರಲಿಲ್ಲ.

ಮರೆಯೊಳಗೆ ಹೋದೆ. ಮತಪತ್ರ ಬಿಡಿಸಿದೆ. ಮೇಲೆ ವೀರಭದ್ರಪ್ಪನವರ ಹೆಸರು ಅಚ್ಚಾಗಿತ್ತು, ಕೆಳಗೆ ಖಾಲಿ ಗೆರೆ. ನನ್ನ ಒಳ್ಳೆಯ ಪೆನ್ನು ತೆಗೆದು, ನಲವತ್ತು ವರ್ಷ ಪಳಗಿದ ಕೈಯಿಂದ, ನಿಧಾನವಾಗಿ ‘ಹಾಲಮ್ಮ’ ಎಂದು ಬರೆದೆ. ಏನೂ ಮೂಡಲಿಲ್ಲ.

ಪೆನ್ನು ಕೆಟ್ಟಿತೆಂದು ಅಂಗೈ ಮೇಲೆ ಗೀಚಿ ನೋಡಿದೆ. ಕಪ್ಪಗೆ ಗೆರೆ ಬಿತ್ತು. ಮತ್ತೆ ಬರೆದೆ. ಇಲ್ಲ. ಎರಡು ತಿಂಗಳು ಅವಳ ಜೊತೆ ಬಿಸಿಲಲ್ಲಿ ಸುತ್ತಿದ್ದೇನೆ, ಚಪ್ಪಲಿ ಸವೆಸಿದ್ದೇನೆ, ನನಗೆ ಅವಳು ಗೆಲ್ಲುವುದು ಬೇಡವೇ? ಬೇಕು ಎಂದಿತು ಮನಸ್ಸು. ಹಾಗೆನ್ನುವಾಗಲೇ ಹಿಂದಿನಿಂದ ಬೆಳಗಿನ ನಲ್ಲಿಯ ಸದ್ದು ಕೇಳಿಸಿತು, ತುಂಬಿದ ಹಂಡೆ ಕಾಣಿಸಿತು. ದಿನ ಬಿಟ್ಟು ದಿನ. ಅವಳು ಹೇಗೂ ಗೆಲ್ಲುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ಸುತ್ತಿದ್ದೇನೆ ಎಂದು ಆ ಮರೆಯೊಳಗೆ ನಿಂತು ತಿಳಿಯಿತು. ಮೂರನೆಯ ಸಲ, ಕಾಗದ ಹರಿಯುವಷ್ಟು ಒತ್ತಿ ಬರೆದೆ. ಬಿಳಿ ಗೆರೆ ಬಿಳಿಯಾಗಿಯೇ ಉಳಿಯಿತು. ಹೊರಗೆ ಜನ ಕೆಮ್ಮತೊಡಗಿದರು. ಮಡಚಿ ಪೆಟ್ಟಿಗೆಗೆ ಹಾಕಿದೆ.

ಹಾಲಮ್ಮ ಮರದ ಕೆಳಗಿಂದ, "ಆಯ್ತೇನಣ್ಣ?" ಎಂದಳು.

"ಬರೆದೆ," ಎಂದೆ.

"ನಿನ್ನದೊಂದು ಗ್ಯಾರಂಟಿ ಬಿಡು," ಎಂದು ನಕ್ಕು ಕೀಲಿ ಎತ್ತಿಕೊಂಡು ಹೋದಳು.

ಆ ದಿನ ನನಗೆ ಊಟ ಸೇರಲಿಲ್ಲ. ಓಬಮ್ಮ ತಟ್ಟೆ ಎತ್ತುವಾಗ, "ನಂದು ಮೂಡ್ತು," ಎಂದಷ್ಟೇ ಹೇಳಿದಳು. ಜಂಬ ಕೊಚ್ಚಿಕೊಳ್ಳಲು ಹೇಳಿದ್ದಲ್ಲ. ಅವಳಿಗೇ ಆಶ್ಚರ್ಯವಾದಂತಿತ್ತು.

ಮರುದಿನ ಬೆಳಿಗ್ಗೆ ಶಾಲೆಯ ದೊಡ್ಡ ಕೋಣೆಯಲ್ಲಿ ಎಣಿಕೆ. ವೀರಭದ್ರಪ್ಪನವರ ಕಡೆಯಿಂದ ಅವರ ಕಚೇರಿಯ ಜವಾನ ಕರಿಬಸಯ್ಯ ಬಂದಿದ್ದ, ಹಾಲಮ್ಮನ ಕಡೆಯಿಂದ ನಾನು. ಹಾಲಮ್ಮ ಗೋಡೆ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಅಚ್ಚಾದ ಹೆಸರಿಗೆ ಸಾವಿರದ ಆರುನೂರ ನಾಲ್ಕು ಮುದ್ರೆ. ಖಾಲಿ ಗೆರೆಯಲ್ಲಿ ಹಾಲಮ್ಮನ ಹೆಸರು ಸಾವಿರದ ನೂರ ಎಪ್ಪತ್ತೊಂದು. ಕರಿಬಸಯ್ಯನೇ ಬಾಯಿ ತೆರೆದು ಕೂತುಬಿಟ್ಟ. ಗೆರೆ ದಾಟಿದವು, ತಲೆಕೆಳಗಾದವು, ಇಡೀ ಚೀಟಿ ತುಂಬಿದವು, ಎಲ್ಲವೂ ಕಾಡಿಗೆ ಕಪ್ಪು. ಆಮೇಲೆ ಅಧಿಕಾರಿ ಮೂರನೆಯ ಕಟ್ಟು ಮೇಜಿನ ಮೇಲಿಟ್ಟರು. ಮುದ್ರೆಯೂ ಇಲ್ಲ, ಹೆಸರೂ ಇಲ್ಲ, ಬರೀ ಖಾಲಿ. ಆರುನೂರ ಮೂವತ್ತೆಂಟು.

"ಇವು ಕುಲಗೆಟ್ಟ ಮತ," ಎಂದು ಬದಿಗೆ ಸರಿಸಿದರು.

ಹಾಲಮ್ಮ ಎದ್ದು ಬಂದಳು. "ನೋಡ್ಬೋದಾ ಸಾಮಿ?" ಎಂದು ಕೇಳಿ ಮೇಲಿನದನ್ನು ಎತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿಯಲಿಲ್ಲ. ಕತ್ತಲ ಗುಂಡಿಯಲ್ಲಿ ಕೈಯಿಟ್ಟು ವಾಲ್ವ್ ಹುಡುಕುವವಳು ಅವಳು. ತೋರುಬೆರಳನ್ನು ಖಾಲಿ ಗೆರೆಯ ಮೇಲೆ ಎಡದಿಂದ ಬಲಕ್ಕೆ ಎಳೆದಳು. "ಇದ್ರಾಗೆ ನನ್ ಹೆಸರೈತೆ," ಎಂದಳು. ಇನ್ನೊಂದು ಎತ್ತಿದಳು. "ಇದ್ರಾಗೂ ಐತೆ." ಅಧಿಕಾರಿಯೂ ಬೆರಳಿಟ್ಟು ನೋಡಿದರು. ಪೆನ್ನು ಒತ್ತಿದ ತಗ್ಗು ಕಾಗದದಲ್ಲಿ ಹಾಗೆಯೇ ಇತ್ತು. ಅವರು ಬೆರಳು ತೆಗೆದು, "ಮಸಿ ಇದ್ದರೆ ಮಾತ್ರ ಲೆಕ್ಕ ಅಮ್ಮ. ನಾನೇನೂ ಮಾಡುವ ಹಾಗಿಲ್ಲ," ಎಂದರು.

"ಗೊತ್ತು ಸಾಮಿ. ಸುಮ್ನೆ ನೋಡ್ತೀನಿ," ಎಂದು ಕೂತು ಒಂದೊಂದನ್ನೇ ಸವರತೊಡಗಿದಳು. ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿತು. ಇನ್ನೂರೋ ಮುನ್ನೂರೋ ಆದ ಮೇಲೆ ಒಂದರ ಮೇಲೆ ಅವಳ ಬೆರಳು ನಿಂತಿತು. ಹಿಂದಕ್ಕೆ ಬಂತು, ಮತ್ತೆ ಹೋಯಿತು. ಎರಡನೆಯ ಅಕ್ಷರದ ಮೇಲೆ, ‘ಲ’ದ ಒಳಗಿನ ಸುರುಳಿಯ ಮೇಲೆ, ಮೂರು ಸಲ ಸುತ್ತಿತು. ಹನ್ನೊಂದು ಸಲ ನೋಡಿ ಬಾಯಿಪಾಠವಾಗಿದ್ದ ಸುರುಳಿ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಮಡಚಿ ಉಳಿದವುಗಳ ಜೊತೆಗಿಟ್ಟು ಎದ್ದಳು.

ಶಾಲೆಯ ಗೇಟು ದಾಟಿದ ಮೇಲೆ ನಾನೇ ಬಾಯಿಬಿಟ್ಟೆ. "ಹಾಲಮ್ಮ, ನಾನು ನಿಂಗೆ ಸುಳ್ಳು ಹೇಳ್ದೆ."

"ಹೂಂ."

"ನೀರಿನ ಆಸೆ ಕಣವ್ವ. ದಿನಾ ಬರೋ ನೀರಿನ ಆಸೆ. ನಂಗೇ ಗೊತ್ತಿರ್ಲಿಲ್ಲ."

ಅವಳು ದಾರಿಯಲ್ಲಿದ್ದ ವಾಲ್ವ್ ಗುಂಡಿಯ ಮುಚ್ಚಳವನ್ನು ಕಾಲಿನಿಂದ ಸರಿಪಡಿಸಿದಳು. ಆಮೇಲೆ, "ಉಳಿದೋರೆಲ್ಲ ಒಂದೇ ಸಲ ಬರೆದು ಬಿಟ್ಟವ್ರೆ. ನೀನು ಮೂರು ಸಲ ಬರೆದಿದ್ದೀಯ. ಆ ಸೈಕಲ್ ಸಾಬ್ರು ಎರಡು ಸಲ ಇರ್ಬೇಕು, ಒಂದರಾಗೆ ಗ್ರೀಸ್ ವಾಸನೆ ಇತ್ತು," ಎಂದಳು. ಕಣ್ಣು ಒರೆಸಿಕೊಂಡಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅಷ್ಟು ಜನ ಬರಿಯಾಕಂತ ಹೋಗಿದ್ರಲ್ಲಣ್ಣ. ಅದು ನಂಗೆ ಗೊತ್ತಿರ್ಲಿಲ್ಲ. ನಾಳೆ ಇನ್ನೊಂದು ಅರ್ಜಿ ಹಾಕ್ತೀನಿ."

ನನ್ನದೊಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಆಮೇಲೆ, ಈ ಹೊತ್ತಿನಲ್ಲಿ ಉಳಿದ ಆರುನೂರ ಮೂವತ್ತೇಳು ಮಂದಿಯೂ ಇದೇ ಮಾತು ಹೇಳಿಕೊಳ್ಳುತ್ತಿರುತ್ತಾರೆ ಎಂದು ಹೊಳೆಯಿತು.

ಹತ್ತು ದಿನ ಕಳೆಯಿತು. ಕರಿಬಸಯ್ಯ ಅಂಗಡಿಗೆ ಬಂದು, ಚೀಲದಿಂದ ಹಳೆಯ ಮೊಹರು ತೆಗೆದು ಮೇಜಿನ ಮೇಲಿಟ್ಟ. ‘ಪರಿಶೀಲಿಸಲಾಗುವುದು.’ ಹನ್ನೊಂದು ವರ್ಷ ಕುಟ್ಟಿಸಿಕೊಂಡು ರಬ್ಬರ್ ಸೀಳಿಹೋಗಿತ್ತು, ಅರ್ಧ ಅಕ್ಷರ ಬೀಳುತ್ತಿರಲಿಲ್ಲ.

"ಹೊಸದು ಬೇಕು ತಿಪ್ಪೇಶಣ್ಣ. ಅರ್ಜೆಂಟು. ಹಾಲಮ್ಮನ ಹನ್ನೆರಡನೇ ಅರ್ಜಿ ಬಂದೈತೆ. ಇನ್ನು ಐದು ದಿನದಾಗೆ ಉತ್ತರ ಹೋಗ್ಬೇಕು."

ನಾನು ಮೊಹರನ್ನು ಕೈಗೆತ್ತಿಕೊಂಡೆ. ಸುರುಳಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. "ಇದಿಲ್ದಿದ್ರೆ ಏನು ಮಾಡ್ತಾರೆ ಸಾಹೇಬ್ರು?"

"ಏನು ಮಾಡ್ತಾರೆ, ಕೈಲಿ ಬರೀಬೇಕು. ಹೂಂ ಅಂತಾನೋ ಇಲ್ಲ ಅಂತಾನೋ. ಅದಕ್ಕೇ ಅವ್ರಿಗೆ ನಿದ್ದೆ ಇಲ್ಲ. ಬೇರೆ ಊರಿಂದ ತರಿಸೋಣ ಅಂದ್ರೆ ತಿಂಗಳಾಗ್ತೈತೆ."

"ನಾನು ಮಾಡಲ್ಲ ಕರಿಬಸಯ್ಯ."

ಅವನು ನಕ್ಕ. "ತಮಾಷೆ ಮಾಡ್ಬೇಡ. ನೀನು ಬಾಯಲ್ಲಿ ಹೇಳಿದ್ದನ್ನ ನಾನು ಹೋಗಿ ಹೇಳಿದ್ರೆ ಸಾಹೇಬ್ರು ನಂಬ್ತಾರಾ? ಸಂಜೆ ಹೊತ್ತಿಗೆ ಮಾಡಿರ್ತಾನೆ ಹೋಗಯ್ಯಾ ಅಂತಾರೆ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ತಪ್ಪು ತಿಳ್ಕೋಬೇಡ. ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಬರೆದು ಕೊಡ್ತೀಯಾ?" ಎಂದು ಹೇಳಿ, ಮರ್ಯಾದಸ್ಥ ಮನುಷ್ಯ, ಬೆನ್ನು ತಿರುಗಿಸಿ ಬೀದಿ ನೋಡುತ್ತಾ ನಿಂತ.

ಹಾಳೆ ತೆಗೆದೆ. ಪೆನ್ನಿನ ಮುಚ್ಚಳ ಬಿಚ್ಚಿದೆ. ಮತಗಟ್ಟೆಯ ಮರೆ ನೆನಪಾಯಿತು. ಇನ್ನೊಂದು ಸಲ ಕಾಗದ ಖಾಲಿ ಉಳಿದರೆ ನಾನು ಈ ಅಂಗಡಿಯಲ್ಲಿ ಕ್ಷೌರದ ಬ್ರಷ್ಷು ಮಾರಿಕೊಂಡು ಇರುವುದೇ ವಾಸಿ ಎನಿಸಿತು. ಕಣ್ಣು ಮುಚ್ಚಿ ನನ್ನನ್ನೇ ಕೇಳಿಕೊಂಡೆ. ನಾಳೆ ಬೆಳಿಗ್ಗೆ ಆರಕ್ಕೆ ನಲ್ಲಿ ಸುಮ್ಮನಿದ್ದರೆ? ಒಳಗೆ ಓಬಮ್ಮ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಸುಮ್ಮನಿದ್ದರೆ ಇರಲಿ ಎಂದು ಮನಸ್ಸು ಹೇಳಿತೋ ಇಲ್ಲವೋ ನನಗೆ ಖಚಿತವಾಗಿ ಕೇಳಿಸಲಿಲ್ಲ. ಅಂದಾಜಿನ ಮೇಲೆಯೇ ಬರೆದೆ. ‘ಪರಿಶೀಲಿಸಲಾಗುವುದು ಎಂಬ ಮೊಹರನ್ನು ನಾನು ಮಾಡಿಕೊಡುವುದಿಲ್ಲ.’

ಕಣ್ಣು ಬಿಟ್ಟಾಗ ಹಾಳೆಯ ಮೇಲೆ ಅಕ್ಷರಗಳಿದ್ದವು. ವೀರಭದ್ರಪ್ಪನವರ ಮಸಿಯಷ್ಟು ದಟ್ಟವಲ್ಲ, ಹಿಂಬದಿಗೆ ಇಳಿದಿರಲಿಲ್ಲ, ಆದರೆ ಇದ್ದವು. ಒಂದೆರಡು ಕಡೆ ತೆಳುವಾಗಿತ್ತು. ಕರಿಬಸಯ್ಯ ತಿರುಗಿ, ನೋಡಿ, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋದ.

ಅವನು ಹೋದ ಮೇಲೆ ಒಂದು ದೊಡ್ಡ ರಟ್ಟು ತೆಗೆದು, ದಪ್ಪ ಕುಂಚವನ್ನು ಮಸಿಯಲ್ಲಿ ಅದ್ದಿ, ಅದನ್ನೇ ಇನ್ನೊಮ್ಮೆ ಬರೆದು ಬಾಗಿಲಿಗೆ ಮೊಳೆ ಹೊಡೆದು ತಗುಲಿಸಿದೆ. ನಮ್ಮ ಪೇಟೆಯಲ್ಲಿ ಕೈಯಲ್ಲಿ ಬರೆದ ಬೋರ್ಡು ಅದೊಂದೇ. ಜನ ಓದಲು ನಾಚಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹಾಲಮ್ಮ ವಾಲ್ವ್ ಮುಚ್ಚಿ ಅದೇ ದಾರಿಯಲ್ಲಿ ಬಂದಳು. ನಿಂತಳು. ಕೀಲಿಯನ್ನು ಗೋಡೆಗೆ ಒರಗಿಸಿ, ಬಾಗಿಲ ಹತ್ತಿರ ಬಂದು ಓದಿದಳು. ನಾನು ರೂಢಿಯಂತೆ ಬೆನ್ನು ತಿರುಗಿಸಲು ಹೋದವನು ತಿರುಗಿಸದೆ ನಿಂತೆ. ಅವಳು ತೋರುಬೆರಳನ್ನು ಚಾಚಿ, ಮೊದಲಿನ ಅಕ್ಷರದಿಂದ ಕೊನೆಯವರೆಗೂ ಎಡದಿಂದ ಬಲಕ್ಕೆ ಎಳೆದಳು.

"ಇನ್ನೂ ಹಸಿ ಐತೆ," ಎಂದು ಬೆರಳು ಎತ್ತಿ ತೋರಿಸಿದಳು. ತುದಿಗೆ ಮಸಿ ಹತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಳ್ಳದೆ, ಹಾಗೆಯೇ ಕೀಲಿ ಹೆಗಲಿಗೆ ಹಾಕಿಕೊಂಡು ಕೆಳಪೇಟೆಯ ಕಡೆ ಹೋದಳು.